ತಂಗಿಯನ್ನು ಕರೆಯಲು ಹೋದ ಜೀಪು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅಂತ ಯಾರೂ ಅನ್ನಬಾರದು. ಸೋಲಾಪುರದ ಬಾಳಿವೇಸಿನಲ್ಲಿ ನನ್ನ ಕಾಳಿನ ಅಂಗಡಿಗೆ ಬರುವ ಗಿರಾಕಿಗಳಿಗೆ ಅದು ಗೊತ್ತು. ಮನೆಯಲ್ಲಿ ಹೆಂಡತಿ ಉಮಾಬಾಯಿಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಶಾಂತಲಿಂಗಪ್ಪ ಎಂದು ಹೆಸರಿಟ್ಟ ನಮ್ಮಪ್ಪನೊಬ್ಬನಿಗೆ ಗೊತ್ತಿರಲಿಲ್ಲ, ಪಾಪ. ಈ ಸಿಟ್ಟಿನ ದೆಸೆಯಿಂದ ನನ್ನ ತಂಗಿ ನೀಲಗಂಗಾ ಮೂರು ಪಂಚಮಿ ತವರು ಕಾಣಲಿಲ್ಲ. ನಾನು ಆ ಮೂರೂ ವರ್ಷ ಒಂದು ಹಳೆಯ ಜೀಪಿನ ಕೆಳಗೆ ಅಂಗಾತ ಮಲಗಿ ಕಳೆದೆ.

ನಮ್ಮವ್ವ ಹೋದಾಗ ನೀಲಗಂಗಾಗೆ ಒಂಬತ್ತು ವರ್ಷ, ನನಗೆ ಹದಿನೈದು. ಅಪ್ಪ ಬೆಳಗಾದರೆ ಅಂಗಡಿಗೆ ಹೋಗಿಬಿಡುತ್ತಿದ್ದ. ಅವಳನ್ನು ಸಾಲೆಗೆ ಕಳಿಸುವ ಮುಂಚೆ ತಲೆ ಬಾಚಿ ಹೆರಳು ಹಾಕುತ್ತಿದ್ದವನು ನಾನು. ಎಷ್ಟು ಬಿಗಿದರೂ ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತಿತ್ತು. "ಅಣ್ಣಾ, ನಿನಗ ಚೀಲದ ಬಾಯಿ ಕಟ್ಟೂದು ಬರ್ತದ, ಹೆರಳ ಹಾಕೂದು ಬರೂದಿಲ್ಲ ನೋಡು" ಎಂದು ನಗುತ್ತಿದ್ದಳು. ಅವಳಿಗೆ ಹತ್ತೊಂಬತ್ತಾದಾಗ ಅಕ್ಕಲಕೋಟ ತಾಲೂಕಿನ ತಡವಳಕ್ಕೆ, ಪಾಟೀಲರ ಮನೆಗೆ ಕೊಟ್ಟೆವು. ಅವರ ಮನೆ ಊರೊಳಗಿಲ್ಲ, ಊರಿನಿಂದ ಎರಡು ಮೈಲಿ ಒಳಗೆ ಹೊಲದಲ್ಲಿದೆ. ಅದಕ್ಕೆ ವಸ್ತಿ ಅನ್ನುತ್ತಾರೆ. ಗಂಡ ಸಾಧು ಮನುಷ್ಯ, ಅಪ್ಪನ ಮುಂದೆ ಬಾಯಿ ತೆರೆಯದವನು. ಮಾವ ಚನ್ನವೀರಪ್ಪ ಪಾಟೀಲನಿಗೆ ಮಾತ್ರ ಮಗನ ಪಾಲಿನ ಮಾತೂ ಸೇರಿ ಬಾಯಿ.

ವರ್ಷಕ್ಕೊಮ್ಮೆ, ನಾಗರಪಂಚಮಿಗೆ ಎರಡು ದಿನ ಮೊದಲು ಬರುವ ರೊಟ್ಟಿ ಪಂಚಮಿಯ ದಿನ, ನಾನು ಹೋಗಿ ಅವಳನ್ನು ಕರೆತರಬೇಕು. ನಮ್ಮಲ್ಲಿ ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು ಕರೆಯದೆ ಹೆಣ್ಣುಮಗಳು ಪಂಚಮಿಗೆ ತವರಿನ ದಾರಿ ಹಿಡಿಯುವುದಿಲ್ಲ. ಎಷ್ಟೇ ಆಸೆಯಿರಲಿ, ಚೀಲ ಕಟ್ಟಿಕೊಂಡು ಕೂತಿರುತ್ತಾಳೆ, ತಾನಾಗಿ ಹೊರಡುವುದಿಲ್ಲ.

ಆ ವಸ್ತಿಯ ದಾರಿ ಪೂರ್ತಿ ಎರೆಮಣ್ಣು. ಶ್ರಾವಣದ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಬಂಡಿ ನಿಂತುಬಿಡುತ್ತದೆ. ಅದಕ್ಕೇ ಅರವತ್ತಾರರಲ್ಲಿ ಪುಣೆಗೆ ಹೋಗಿ ಮಿಲಿಟರಿ ಹರಾಜಿನಲ್ಲಿ ಹಳೆಯ ಜೀಪು ಹಿಡಿದೆ. ಕಾಳಿನ ವ್ಯಾಪಾರಿಗೆ ಜೀಪು ಯಾಕೆ ಎಂದು ಪೇಟೆಯವರೆಲ್ಲ ಕೇಳಿದರು. ಹೊಲಕ್ಕೆ ಹೋಗಿ ಮಾಲು ನೋಡಲಿಕ್ಕೆ ಅಂದೆ. ಶುದ್ಧ ಸುಳ್ಳು. ಸಾದಾ ಗಾಡಿಗೆ ಹಿಂದಿನ ಎರಡು ಗಾಲಿಗಷ್ಟೇ ಇಂಜಿನ್ನಿನ ಬಲ. ಈ ಜೀಪಿನಲ್ಲಿ ಇನ್ನೊಂದು ಹಿಡಿಕೆ ಎಳೆದರೆ ಮುಂದಿನ ಗಾಲಿಗಳಿಗೂ ಬಲ ಸಿಗುತ್ತದೆ. ನಾಲ್ಕೂ ಗಾಲಿ ಮಣ್ಣು ಕಚ್ಚಿ ಹೊರಟವೆಂದರೆ ತಡವಳದ ಕೆಸರು ಎಷ್ಟರದ್ದು! ಎಂಟು ಪಂಚಮಿ ಹಾಗೇ ಕರೆತಂದೆ. ನೀಲಗಂಗಾ ನನ್ನ ಪಕ್ಕ ಸೆರಗು ಹೊದ್ದು ಕೂತು, ಮಾವನ ಹೊಲದ ಬದು ದಾಟುವ ತನಕ ಸುಮ್ಮನಿದ್ದು, ದಾಟಿದ ಕೂಡಲೇ "ಇನ್ನ ಜೋರ ಬಿಡು ಅಣ್ಣಾ!" ಎಂದು ಕೂಗುತ್ತಿದ್ದಳು. ಆ ಕೂಗು ಕೇಳಬೇಕೆಂದೇ ನಾನು ವರ್ಷವಿಡೀ ಆ ಜೀಪಿಗೆ ಎಣ್ಣೆ, ಗ್ರೀಸು ಹಾಕಿ ಸಾಕುತ್ತಿದ್ದೆ.

ಎಪ್ಪತ್ತನಾಲ್ಕರ ಹೊತ್ತಿಗೆ ಪೆಟ್ರೋಲು ಬಂಗಾರವಾಯಿತು. ಜೀಪು ಇದ್ದವರೆಲ್ಲ ಒಂದು ಉಪಾಯ ಮಾಡತೊಡಗಿದರು. ಮುಂದಿನ ಗಾಲಿಗಳಿಗೆ ಬಲ ಒಯ್ಯುವ ಒಂದು ಕಬ್ಬಿಣದ ಶಾಫ್ಟು ಇರುತ್ತದೆ. ಬೇಕಿರಲಿ ಬಿಡಲಿ, ಅದು ಸುಮ್ಮನೆ ತಿರುಗುತ್ತ ಪೆಟ್ರೋಲು ತಿನ್ನುತ್ತದೆ, ಬಿಚ್ಚಿಟ್ಟರೆ ಉಳಿತಾಯ ಎಂದರು. ನಾನೂ ಬಿಚ್ಚಿದೆ. ಬಿಚ್ಚಿ ಹಿತ್ತಲಲ್ಲಿ ಇಟ್ಟು ಮರೆತೆ.

ಮರೆತೇ ಆ ವರ್ಷ ಪಂಚಮಿಗೆ ಹೊರಟೆ. ವಸ್ತಿ ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದು ಹಳ್ಳ ದಾಟಿದರೆ ಮನೆ. ಅಲ್ಲಿ ಜೀಪಿನ ಹಿಂದಿನ ಗಾಲಿ ಗಿರ್ರನೆ ತಿರುಗಿ ಹೂತವು. ಹಿಡಿಕೆ ಎಳೆದೆ. ಎಳೆದು ಏನು ಬಂತು, ಕೆಳಗೆ ಶಾಫ್ಟೇ ಇಲ್ಲ! ವಸ್ತಿಯ ಆಳುಕಾಳುಗಳೆಲ್ಲ ಓಡಿಬಂದರು. ಚನ್ನವೀರಪ್ಪ ಎತ್ತಿನ ಜೋಡಿ ಹೊಡೆದುಕೊಂಡು ಬಂದು, ಹಗ್ಗ ಕಟ್ಟಿಸಿ, ಜೀಪನ್ನು ಹಿಂದಕ್ಕೆಳೆದು ಗಟ್ಟಿ ನೆಲಕ್ಕೆ ಹಾಕಿಸಿದ. ಆಮೇಲೆ ಮೀಸೆ ತಿರುವಿ ಅಂದ:

"ಏನ್ರಿ ಸಾವಕಾರ್ರ, ನಿಮ್ಮ ನಾಕ ಗಾಲಿಗೆ ನಮ್ಮ ಎತ್ತಿನ ಎಂಟ ಕಾಲ ಬೇಕಾದ್ವು ನೋಡ್ರಿ!"

ಎಲ್ಲರೂ ಹೋ ಎಂದು ನಕ್ಕರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಹಳ್ಳದ ಆಚೆ ದಂಡೆಯಲ್ಲಿ ನೀಲಗಂಗಾ ನಿಂತಿದ್ದಳು, ಅವಳೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನ್ನ ಮೈಯೆಲ್ಲ ಉರಿದುಹೋಯಿತು.

"ಪಾಟೀಲ್ರ, ಕೇಳ್ರಿ," ಅಂದೆ. "ಇನ್ನ ನಿಮ್ಮ ಬಾಗಲಿಗೆ ಬಂದ್ರ ಈ ಜೀಪಿನ ನಾಕೂ ಗಾಲಿ ಮ್ಯಾಲ ಬರ್ತೀನಿ. ಇಲ್ಲಾಂದ್ರ ಬರೂದೇ ಇಲ್ಲ!"

ನೀಲಗಂಗಾ ಸೀರೆ ಎತ್ತಿ ಕಟ್ಟಿ, ಚೀಲ ತಲೆಯ ಮೇಲಿಟ್ಟುಕೊಂಡು ಕೆಸರು ದಾಟಿ ಬಂದಳು. ಮೊಣಕಾಲ ತನಕ ಮಣ್ಣು. "ಅಣ್ಣಾ, ನಾ ತಯಾರ ಆಗೀನಿ, ನಡಿ. ಅವರೇನೋ ಚಾಷ್ಟಿ ಮಾಡಿದ್ರು, ಅದಕ್ಕ ಇಷ್ಟ್ಯಾಕ ಸಿಟ್ಟ?"

"ನಿಮ್ಮ ಮಾವನ ಎತ್ತಿನ ಬಂಡ್ಯಾಗ ಬಾ" ಎಂದು ಜೀಪು ಹೊಡೆದುಕೊಂಡು ಬಂದುಬಿಟ್ಟೆ. ತಿರುಗಿ ನೋಡಲಿಲ್ಲ. ಅವಳು ಎಷ್ಟು ಹೊತ್ತು ಅಲ್ಲಿ ನಿಂತಳೋ ನನಗೆ ಗೊತ್ತಿಲ್ಲ.

ಮನೆಯಲ್ಲಿ ಉಮಾಬಾಯಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ನೀಲಗಂಗಾ ಎಲ್ರಿ?"

"ಬರ್ಲಿಲ್ಲ."

"ಬರ್ಲಿಲ್ಲೋ, ನೀವ ಕರ್ಕೊಂಡು ಬರ್ಲಿಲ್ಲೋ?"

ಹೆಂಡತಿಯಾದವಳು ಇಷ್ಟು ಸರಿಯಾಗಿ ಕೇಳಬಾರದು. ನಾನು ನೇರ ಹಿತ್ತಲಿಗೆ ಹೋಗಿ ಶಾಫ್ಟು ಹುಡುಕಿದೆ. ಎಲ್ಲಿತ್ತು ಅಂತೀರಿ? ಬಚ್ಚಲ ಒಲೆಯ ಮೇಲೆ ಹಂಡೆ ಓರೆಯಾಗಿದೆ ಎಂದು ಈ ಪುಣ್ಯಾತ್ಗಿತ್ತಿ ಅದನ್ನು ಹಂಡೆಯ ಕೆಳಗೆ ಆಸರೆಗೆ ಕೊಟ್ಟಿದ್ದಳು. ಆರು ತಿಂಗಳು ದಿನಾ ಬೆಂಕಿ, ದಿನಾ ನೀರು. ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಎಂಬ ಕೀಲು ಇರುತ್ತದೆ, ಅದು ಅಲುಗಿದರೇನೇ ಶಾಫ್ಟು ತಿರುಗುವುದು. ಎರಡೂ ಕ್ರಾಸು ಸುಟ್ಟು ತುಕ್ಕು ಹಿಡಿದು ಕಲ್ಲಾಗಿದ್ದವು. ನಾನು ಕೂಗಾಡಿದೆ. "ಹಿತ್ತಲದಾಗ ಒಗದಿದ್ರಿ, ನಾ ಉಪಯೋಗಕ್ಕ ತಂದೆ" ಅಂದಳು. ಅವಳದೇನು ತಪ್ಪು ಹೇಳಿ.

ಜೀಪು ನಿಲ್ಲುವುದು ನಮ್ಮ ಮನೆಯ ಒಳ ಅಂಗಳದಲ್ಲಿ. ಅಲ್ಲಿನ ಸಾಗವಾನಿ ತೊಲೆಗೆ ಪ್ರತಿ ಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದೆವು. ಈಗ ಆ ತೊಲೆಗೆ ಸರಪಳಿ ಹಾಕಿ ಜೀಪಿನ ಮೂತಿ ಎತ್ತಿ ನಿಲ್ಲಿಸಿದೆ. ಮಿಸ್ತ್ರಿಯನ್ನು ಕರೆಸಿ ಎಂದು ಎಲ್ಲರೂ ಹೇಳಿದರು. ಊಹೂಂ. ಶಪಥ ಮಾಡಿದವನು ನಾನು, ಕೈಯೂ ನನ್ನದೇ ಆಗಬೇಕು. ಅಂಗಡಿ ಮುಚ್ಚಿ ಬಂದು ಸಂಜೆ ಎರಡು ತಾಸು, ರವಿವಾರ ಇಡೀ ದಿನ ಜೀಪಿನ ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಿದ್ದೆ. ಹಳೆಯ ಕ್ರಾಸು ಬಡಿದು ಹೊರತೆಗೆಯಲಿಕ್ಕೇ ಒಂದು ತಿಂಗಳು ಹಿಡಿಯಿತು. ಹೊಸದು ಸೋಲಾಪುರದಲ್ಲಿ ಇಲ್ಲ. ಪುಣೆಗೆ ಬರೆದೆ, ಮುಂಬೈಗೆ ಬರೆದೆ. ಎಪ್ಪತ್ತೈದರ ಪಂಚಮಿ ಬಂತು, ಹೋಯಿತು. ಕ್ರಾಸು ಬರಲಿಲ್ಲ.

ಆ ವರ್ಷ ಅಂಗಡಿಯ ಆಳಿನ ಕೈಯಲ್ಲಿ ಬಸ್ಸಿಗೆ ಒಂದು ಸೀರೆ, ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದೆ. ಡಬ್ಬಿ ತಿರುಗಿ ಬಂದಾಗ ಖಾಲಿ ಇರಲಿಲ್ಲ, ನೀಲಗಂಗಾ ಎಳ್ಳುಂಡಿ ತುಂಬಿ ಕಳಿಸಿದ್ದಳು. ಸೀರೆಯೂ ತಿರುಗಿ ಬಂದಿತ್ತು. "ಸೀರಿ ಅಲ್ಲೇ ಇರ್ಲಿ ಅಂದಾರ್ರಿ ಅಕ್ಕಾರು, ಬಂದಾಗ ಉಡ್ತಾರಂತ" ಎಂದ ಆಳು. ನಾನು ಒಂದು ಎಳ್ಳುಂಡಿ ಬಾಯಿಗೆ ಹಾಕಿದೆ. ನಮ್ಮವ್ವನ ಕೈರುಚಿ. ಒಂಬತ್ತು ವರ್ಷಕ್ಕೆ ಅವ್ವನನ್ನು ಕಳೆದುಕೊಂಡ ಹುಡುಗಿ ಅದನ್ನು ಎಲ್ಲಿಂದ ಕಲಿತಳೋ! ಆ ಸಂಜೆ ಬಸ್ಸು ಹತ್ತಿ ಹೋಗಿಬಿಡಲೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಚಪ್ಪಲಿಯನ್ನೂ ಮೆಟ್ಟಿದ್ದೆ. ಅಷ್ಟರಲ್ಲಿ ಚನ್ನವೀರಪ್ಪನ ಮೀಸೆ ಕಣ್ಣ ಮುಂದೆ ಬಂತು. ಚಪ್ಪಲಿ ಬಿಟ್ಟು ಮತ್ತೆ ನಟ್ಟು ತಿರುಗಿಸುವ ಪಾನಾ ಹಿಡಿದೆ.

ಮುಂದಿನ ವರ್ಷ ಕ್ರಾಸು ಬಂದವು. ಶಾಫ್ಟು ಇರುವುದೇ ಎರಡು ತುಂಡಿನಲ್ಲಿ. ಅವನ್ನು ಒಂದರೊಳಗೊಂದು ತೂರಿಸಿ, ಕ್ರಾಸು ಕೂಡಿಸಿ, ನನ್ನ ಕೈಯಾರೆ ಕಟ್ಟಿದೆ. ಪಂಚಮಿಗೆ ನಾಲ್ಕು ದಿನ ಇರುವಾಗ ದೇಗಾವ ಕಡೆಯ ಹೊಲಕ್ಕೆ ಒಯ್ದು ಹಿಡಿಕೆ ಎಳೆದೆ. ಮುಂದಿನ ಗಾಲಿ ತಿರುಗಿದವು! ಒಬ್ಬನೇ ಕೂತು ಹುಚ್ಚನಂತೆ ಕೂಗಿದೆ. ಅರ್ಧ ಮೈಲಿಗೆ ಜೀಪು ಗಡಗಡ ನಡುಗತೊಡಗಿತು, ಹಲ್ಲಿಗೆ ಹಲ್ಲು ಬಡಿಯುವಷ್ಟು. ಬರಬರುತ್ತ ನಡುಕ ಹೆಚ್ಚಿ ಕೆಳಗೆ ಫಟ್ ಎಂದಿತು. ಹೊಸ ಕ್ರಾಸು ಎರಡು ತುಂಡು. ಅಲ್ಲೇ ಬದುವಿನ ಮೇಲೆ ಕೈ ಚೆಲ್ಲಿ ಕೂತೆ. ಎಪ್ಪತ್ತಾರರ ಪಂಚಮಿಯೂ ಹೋಯಿತು.

ನಡುವೆ ನಾವು ಮಾತು ಬಿಟ್ಟಿದ್ದೆವು ಅಂತಲ್ಲ. ಎಪ್ಪತ್ತೇಳರ ಬೇಸಿಗೆಯಲ್ಲಿ ಅವಳ ಮಗಳು ಸೋನಾಳ ಮದುವೆ ಅಕ್ಕಲಕೋಟದಲ್ಲಿ ಆಯಿತು, ಹುಡುಗ ವಳಸಂಗದವನು. ಸೋದರಮಾವನಾಗಿ ನಾನೇ ನಿಂತು ಧಾರೆಗೆ ಕರೆತಂದೆ. ಡಾಂಬರು ರಸ್ತೆಯ ಊರು, ಪಾಟೀಲನ ಬಾಗಿಲೂ ಅಲ್ಲ, ಹಾಗಾಗಿ ನನ್ನ ಶಪಥಕ್ಕೆ ಧಕ್ಕೆ ಬರಲಿಲ್ಲ. ನೋಡಿ, ಎಷ್ಟು ಶಾಣ್ಯಾತನ! ಊಟದ ಪಂಕ್ತಿ ಎದ್ದ ಮೇಲೆ ನೀಲಗಂಗಾ ನನ್ನ ಪಕ್ಕ ಬಂದು ಕೂತಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು.

"ಈ ಪಂಚಮಿಗರೆ ಬರ್ತಿಯೇನು ಅಣ್ಣಾ?"

"ಜೀಪ ತಯಾರ ಆಗ್ಲಿ, ಬರ್ತೀನಿ."

"ಜೀಪಿಂದ ಬಿಡು. ನೀ ಬಾ."

"ಬರ್ತೀನಂದ್ನೆಲ್ಲ, ನಾಕೂ ಗಾಲಿ ಮ್ಯಾಲ ಬರ್ತೀನಿ."

ಅವಳು ಏನೋ ಹೇಳಲು ಬಾಯಿ ತೆರೆದಳು. ಯಾರೋ ಕರೆದರು, ಎದ್ದು ಹೋದಳು.

ಊರಿಗೆ ಬಂದವನೇ ಸೊಕ್ಕು ಬದಿಗಿಟ್ಟು ಅಮೋಗಸಿದ್ಧನನ್ನು ಕರೆಸಿದೆ. ಮಿಲಿಟರಿಯಲ್ಲಿ ಡ್ರೈವರಾಗಿದ್ದು ಬಂದ ಮನುಷ್ಯ, ಈಗ ಹೊಲದ ಪಂಪು ರಿಪೇರಿ ಮಾಡಿಕೊಂಡಿದ್ದಾನೆ. ಅವನು ಶಾಫ್ಟು ಕೈಗೆತ್ತಿಕೊಂಡು, ಅಂಗಿಯ ತುದಿಯಿಂದ ತುಕ್ಕು ಒರೆಸಿ, ನನ್ನ ಮುಖ ನೋಡಿದ.

"ಸಾವಕಾರ್ರ, ಇಲ್ಲಿ ಎರಡ ಬಾಣ ಕೊರದಾರ, ಕಾಣ್ತಾವೇನ್ರಿ? ಈ ತುಂಡಿನ ಮ್ಯಾಲ ಒಂದ, ಆ ತುಂಡಿನ ಮ್ಯಾಲ ಒಂದ. ಬಾಣಕ್ಕ ಬಾಣ ಎದುರಾಬದುರಾ ಬರಬೇಕು. ನೀವ ತಿರುವಿ ಹಾಕೀರಿ. ಹಂಗ ಹಾಕಿದ್ರ ಶಾಫ್ಟ ಕುಣೀತದ, ಕ್ರಾಸ ಮುರೀತದ. ಬಸ್, ಇಷ್ಟಽ."

ಇಷ್ಟೇ! ಅಕ್ಕಿಕಾಳಿನಷ್ಟು ಎರಡು ಗುರುತು. ಬಚ್ಚಲ ಬೆಂಕಿಯ ಮಸಿಯಲ್ಲಿ ಮುಚ್ಚಿಹೋಗಿದ್ದವು, ನಾನು ಒರೆಸಿ ನೋಡಿರಲಿಲ್ಲ. ಮೊದಲೇ ಒಬ್ಬರನ್ನು ಕೇಳಿದ್ದರೆ ಒಂದು ಪಂಚಮಿ ಉಳಿಯುತ್ತಿತ್ತು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಎರಡು ದಿನ ಊಟ ಸೇರಲಿಲ್ಲ.

ಮತ್ತೆ ಹೊಸ ಕ್ರಾಸು ತರಿಸಿದೆ. ಬಾಣಕ್ಕೆ ಬಾಣ ಕೂಡಿಸಿ ಕಟ್ಟಿದೆ. ಗೇರುಪೆಟ್ಟಿಗೆಯ ಎಣ್ಣೆ ಬದಲಿಸಿದೆ, ಬ್ರೇಕು ಬಿಗಿಸಿದೆ, ಸೀಟಿಗೆ ಹೊಸ ರೆಗ್ಝಿನ್ ಹೊಲಿಸಿದೆ. ಕೆಸರು ಹೊಲದಲ್ಲಿ ಮೂರು ಸಲ ಓಡಿಸಿದೆ, ನಡುಕವಿಲ್ಲ, ಸದ್ದಿಲ್ಲ. ಹೊರಡುವ ಹಿಂದಿನ ದಿನ ಉಮಾಬಾಯಿ ಅಳುಕುತ್ತ ಅಂದಳು: "ಅಲ್ರಿ, ಈ ವರ್ಷ ಆಕಿಗೆ ಬರಾಕ ಆಗ್ತದೇನು? ಸೋನಾಂದು..."

"ಹೊರಡೂ ಮುಂದ ಅಪಶಕುನ ನುಡೀಬ್ಯಾಡ!" ಎಂದು ಅವಳ ಬಾಯಿ ಮುಚ್ಚಿಸಿದೆ.

ರೊಟ್ಟಿ ಪಂಚಮಿಯ ದಿನ ಬೆಳಕು ಹರಿಯುತ್ತಲೇ ಹೊರಟೆ. ರಾತ್ರಿಯೆಲ್ಲ ಮಳೆ ಸುರಿದಿತ್ತು. ಸುರಿಯಲಿ, ಇನ್ನಷ್ಟು ಸುರಿಯಲಿ ಅಂದುಕೊಂಡೆ. ವಳಸಂಗ ದಾಟಿ, ಅಕ್ಕಲಕೋಟ ದಾಟಿ ತಡವಳಕ್ಕೆ ಬಂದು ಎರೆಯ ದಾರಿಗಿಳಿದು ಹಿಡಿಕೆ ಎಳೆದೆ. ಮುಂದಿನ ಗಾಲಿ ಮಣ್ಣು ಕಚ್ಚಿದವು. ಕೆಸರು ನನ್ನ ತಲೆಯ ಮೇಲೆ, ಹೊಸ ರೆಗ್ಝಿನ್ನಿನ ಮೇಲೆ ಹಾರಿತು. ಹಳ್ಳದಲ್ಲಿ ನೀರಿತ್ತು, ಅದನ್ನೂ ಸೀಳಿಕೊಂಡು ಆಚೆ ಏರಿದೆ. ಪಾಟೀಲನ ಬಾಗಿಲ ಮುಂದೆ ಜೀಪು ನಿಲ್ಲಿಸಿ, ನಾಲ್ಕೂರಿಗೆ ಕೇಳುವಂತೆ ಹಾರ್ನು ಒತ್ತಿದೆ.

ಚನ್ನವೀರಪ್ಪ ಕೋಲೂರಿಕೊಂಡು ಹೊರಗೆ ಬಂದ. ಮುದುಕನಾಗಿದ್ದ. "ಬರ್ರಿ ಬರ್ರಿ ಸಾವಕಾರ್ರ, ಈ ಮಳ್ಯಾಗ ಹ್ಯಾಂಗ ಬಂದ್ರಿ?"

"ನಾಕೂ ಗಾಲಿ ಮ್ಯಾಲ ಬಂದೀನಿ. ಎಣಿಸಿಕೊಳ್ರಿ!"

ಅವನು ಜೀಪನ್ನೂ ನೋಡಿದ, ನನ್ನನ್ನೂ ನೋಡಿದ. "ಗಾಲಿ ಎಣಿಸೂದ್ಯಾಕ್ರಿ?"

"ಎಂಟ ಕಾಲ ಬೇಕಾದ್ವು ಅಂತ ನಕ್ಕಿದ್ರೆಲ್ಲ, ಆ ವರ್ಷ?"

"ನಾ ಅಂದಿದ್ನೇನ್ರಿ?" ಎಂದು ಮುದುಕ ಹಣೆ ಉಜ್ಜಿಕೊಂಡ. "ಅಂದಿರಬೇಕು ಬಿಡ್ರಿ. ನಂಗ ಧ್ಯಾನಕ್ಕಿಲ್ಲ. ಒಳಗ ಬರ್ರಿ, ಚಾ ಕುಡೀರಿ."

ನೆನಪೇ ಇಲ್ಲ! ಮೂರು ವರ್ಷ ನಾನು ಹಲ್ಲು ಕಡಿದದ್ದು ಯಾರ ಮೇಲೆ? ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ನೀಲಗಂಗಾ ಹೊರಗೆ ಬಂದಳು. ಕೈಗೆ ಬೆಲ್ಲದ ಪಾಕ, ಶೇಂಗಾ ಪುಡಿ. ಉಂಡಿ ಕಟ್ಟುತ್ತಿದ್ದಳು.

"ಅಣ್ಣಾ! ಬಂದ್ಯಾ?"

"ಬಂದೆ. ಚೀಲ ಕಟ್ಟು, ನಡಿ. ಉಮಾ ಜೋಕಾಲಿ ಕಟ್ಟಿಸ್ಯಾಳ."

ಅವಳ ಮುಖ ಅರಳಿತು. ಅರಳಿದ್ದು ಹಾಗೇ ನಿಂತುಬಿಟ್ಟಿತು. ಕೈಯಲ್ಲಿದ್ದ ಉಂಡಿಯನ್ನು ಉರುಟು ಮಾಡುತ್ತ ಮಾಡುತ್ತ ನನ್ನನ್ನೇ ನೋಡಿದಳು.

"ಈ ವರ್ಷ ನಾ ಹ್ಯಾಂಗ ಬರ್ಲಿ ಅಣ್ಣಾ? ಸೋನಾನ ಮೊದಲ ಪಂಚಮಿ. ಇವತ್ತ ಆಕಿ ತವರಿಗೆ ಬರ್ತಾಳ. ಮಗಳ ಬಂದಾಗ ತಾಯಿ ಮನ್ಯಾಗ ಇರಬ್ಯಾಡೇನು?"

ಧಾರೆಗೆ ಕರೆತಂದವನೇ ನಾನು. ಮದುವೆಯಾದ ಮೊದಲ ಶ್ರಾವಣಕ್ಕೆ ಮಗಳು ತವರಿಗೆ ಬರುತ್ತಾಳೆಂಬುದು ಕೂಸಿಗೂ ಗೊತ್ತು. ನನ್ನ ತಲೆಯಲ್ಲಿ ಬಾಣ, ಕ್ರಾಸು, ಗ್ರೀಸು ಬಿಟ್ಟು ಬೇರೇನೂ ಇರಲಿಲ್ಲ.

"ಆತು, ಮುಂದಿನ ವರ್ಷ ಬರ್ತೀನಿ," ಅಂದೆ.

"ಮುಂದಿನ ವರ್ಷನೂ ಆಕಿ ಬರ್ತಾಳಲ್ಲೋ. ಇನ್ನ ಪಂಚಮಿ ನನ್ನ ಮನ್ಯಾಗ." ಉಂಡಿಯನ್ನು ಕಟ್ಟೆಯ ಮೇಲಿಟ್ಟಳು. "ನಾ ಹೋಗೂ ಕಾಲ ಮುಗೀತು ಅಣ್ಣಾ. ಆ ವರ್ಷ ನೀ ಹೋದ ಮ್ಯಾಲೂ ತಿರುಗಿ ಬರ್ತಿ ಅಂತ ಹಳ್ಳದ ದಂಡ್ಯಾಗ ಕುಂತಿದ್ದೆ. ಮುಂದ ಎರಡ ವರ್ಷ ಈ ಬಾಗಲದಾಗ ಕುಂತೆ. ಬಸ್ಸಿನ್ಯಾಗ ಬಂದಿದ್ರೂ ಬರ್ತಿದ್ದೆ. ನೀ ನಡ್ಕೋತ ಬಂದಿದ್ರೂ ನಿನ್ನ ಹಿಂದ ನಡ್ಕೋತ ಬರ್ತಿದ್ದೆ. ಜೀಪ ಯಾರಿಗೆ ಬೇಕಾಗಿತ್ತೋ?"

ನನಗೆ ಸಿಟ್ಟೂ ಬರಲಿಲ್ಲ. ಕಟ್ಟೆಯ ಮೇಲೆ ಕೂತೆ. ಅವಳು ಬಂದು ಪಕ್ಕದಲ್ಲಿ ಕೂತು, ಸೆರಗಿನಿಂದ ನನ್ನ ಮುಖದ ಕೆಸರು ಒರೆಸಿದಳು.

ಅಷ್ಟೊತ್ತಿಗೆ ಅವಳ ಹಿರಿಮಗ ಕಲ್ಲಣ್ಣ ಮೈಯೆಲ್ಲ ನೆಂದು ಬಂದ. ವಳಸಂಗಕ್ಕೆ ಹೋಗಿ ತಂಗಿಯನ್ನು ಕರೆತರಲು ನಸುಕಿನಲ್ಲಿ ಹೊರಟವನು, ಮಳೆಗೆ ತಡವಳದ ಬಸ್ಸೇ ಬಂದಿಲ್ಲವೆಂದು ಕಾದು ಕಾದು ತಿರುಗಿ ಬಂದಿದ್ದ. "ನಾಳಿ ಹೋಗ್ತೀನವ್ವಾ" ಅಂದ. ನೀಲಗಂಗಾ ಜೀಪಿನ ಕಡೆ ನೋಡಿದಳು. ನನ್ನ ಕಡೆ ತಿರುಗಿದಳು.

"ಅಣ್ಣಾ, ನಿನ್ನ ಜೀಪ ಅದ ಅಲ್ಲ? ನನ್ನ ಮಗಳನ್ನ ಕರ್ಕೊಂಡು ಬಾ."

ಚಹಾ ಕುಡಿಯದೇ ಎದ್ದೆ. ಕಲ್ಲಣ್ಣನನ್ನು ಕೂಡಿಸಿಕೊಂಡು ಮತ್ತೆ ಹಳ್ಳ, ಮತ್ತೆ ಎರೆ, ಮತ್ತೆ ಡಾಂಬರು. ದಾ‌ರಿಯುದ್ದಕ್ಕೂ ಅವನು "ಮಸ್ತ ಓಡ್ತದ ಮಾಮಾ ಗಾಡಿ" ಎನ್ನುತ್ತಿದ್ದ. ಹೌದು, ಮಸ್ತಾಗಿ ಓಡುತ್ತಿತ್ತು. ಬೆಳಿಗ್ಗೆ ಇದೇ ವಳಸಂಗದ ಮುಂದಿನಿಂದ ನಾನು ಹಾಡು ಗುನುಗುತ್ತ ಹಾದುಹೋಗಿದ್ದೆ.

ಸೋನಾಳ ಮನೆಯ ಓಣಿಗೆ ಜೀಪು ತಿರುಗಿಸಿದಾಗ ಮಧ್ಯಾಹ್ನ ಇಳಿದಿತ್ತು. ಅವಳು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಹೊಸ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಬಟ್ಟೆಯ ಚೀಲ. ನಮ್ಮನ್ನು ಕಂಡವಳೇ ಚೀಲ ಬಿಟ್ಟು, ಗಂಡನ ಮನೆಯೆಂಬುದನ್ನೂ ಮರೆತು ಓಣಿಗೆ ಓಡಿಬಂದಳು.

"ಮಾಮಾ! ನೀವ ಬಂದೀರಿ? ಅವ್ವ ಕಳಿಸ್ಯಾಳ?"

"ಹೂಂನವ್ವಾ, ಅವ್ವನೇ ಕಳಿಸ್ಯಾಳ. ಎಷ್ಟೊತ್ತಾತು ಹಿಂಗ ಕುಂತು?"

"ನಸುಕಿನ್ಯಾಗ ಜಳಕಾ ಮಾಡಿ ಕುಂತೀನಿ ಮಾಮಾ. ಊಟಕ್ಕ ಕರದ್ರೂ ಒಳಗ ಹೋಗ್ಲಿಲ್ಲ. ಒಳಗ ಹೋದಾಗ ನೀವ ಬಂದು ತಿರುಗಿ ಹೋಗಿಬಿಟ್ರ?" ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ಅತ್ತು ಕೆಂಪಾಗಿದ್ದವು. "ಯಾರೂ ಬರೂದಿಲ್ಲ, ನನ್ನ ಮರ್ತಾರ ಅಂದ್ಕೊಂಡಿದ್ದೆ."

ಅರ್ಧ ದಿನಕ್ಕೆ ಈ ಹುಡುಗಿಗೆ ಹೀಗಾಗಿತ್ತು. ನನ್ನ ನೀಲಗಂಗಾ ಮೂರು ಪಂಚಮಿ ಕೂತಿದ್ದಳು. ಅವಳೂ ಹೀಗೇ ತಲೆ ಬಾಚಿಕೊಂಡು, ಊಟಕ್ಕೆ ಕರೆದರೂ ಏಳದೆ, ನಾನು ಬಂದು ಹೋಗಿಬಿಟ್ಟೇನೆಂದು ಹೆದರಿ ಕೂತಿರಬೇಕು. ನಾನು ಜೀಪಿನ ಬಾನೆಟ್ಟಿಗೆ ಎರಡೂ ಕೈ ಊರಿ, ನಡುಬೀದಿಯಲ್ಲಿ, ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ.

ಸೋನಾಳ ಗಂಡನ ಅಪ್ಪ ಗಾಬರಿಯಾಗಿ ಹೊರಗೆ ಬಂದರು. "ಯಾಕ್ರಿ ಸಾವಕಾರ್ರ, ಏನಾತು? ಆರಾಮ ಅದೀರಿಲ್ಲೋ?"

"ನನ್ನ ತಂಗಿನೂ ಹಿಂಗ ಕುಂತಿದ್ಲ್ರಿ," ಅಂದೆ.

ಅವರಿಗೆ ಏನು ತಿಳಿಯಬೇಕು? ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟರು.